ಅಳತೆ ಮತ್ತು ಆಟ

ನಮ್ಮ ಬಡಾವಣೆಯ ಗುಡಿಗೆ ಗಣಪತಿಯ ವಿಗ್ರಹ ಮಾಡಿಸಬೇಕೆಂದು ನಿಶ್ಚಯವಾಯಿತು. ಸಮಿತಿಯಲ್ಲಿ ಏಳು ಮಂದಿ. ಆರು ಮಂದಿಗೆ ಕೆಲಸವಿತ್ತು, ನನಗೆ ಪಿಂಚಣಿ ಇತ್ತು. ಹಾಗಾಗಿ ಮಾಲೂರಿಗೆ ಹೋಗಿ ಶಿವಾರಪಟ್ಟಣದ ದಾರಿ ಹಿಡಿದವನು ನಾನೊಬ್ಬನೇ.

ಆ ಊರಿನಲ್ಲಿ ಶಿಲ್ಪಿಗಳ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಉಳಿಯ ಸದ್ದೇ ಕರೆದುಕೊಂಡು ಹೋಗುತ್ತದೆ. ನಾನು ಹೊಕ್ಕ ಮನೆಯ ಮುಂದೆ ಇನ್ನೂ ಮೂಗು ಮೂಡದ ಆಂಜನೇಯನೊಬ್ಬ ಬಿಸಿಲು ಕಾಯುತ್ತಿದ್ದ. ಆಚಾರ್ಯರು ಚಾಪೆ ಹಾಕಿಸಿದರು, ಕಾಫಿ ತರಿಸಿದರು. ನಾನು ಬಂದ ಕೆಲಸ ಹೇಳಿದೆ.

“ನಮ್ಮ ಗರ್ಭಗುಡಿ ಸ್ವಲ್ಪ ಇಕ್ಕಟ್ಟು ಆಚಾರ್ರೇ. ಹೊಟ್ಟೆ ಒಂದಿಷ್ಟು ಕಡಮೆ ಮಾಡಿದರೆ ಆದೀತೆ?”

ಅವರು ನಗಲಿಲ್ಲ. “ಆಗಲ್ಲ ಸ್ವಾಮಿ. ಗಣಪತಿಗೆ ಪಂಚತಾಲ. ಮುಖದ ಅಳತೆಯಿಂದ ಮೈಯ ಅಳತೆ. ಹೊಟ್ಟೆ ಕಡಮೆ ಮಾಡಬೇಕಾದರೆ ಇಡೀ ಮೂರ್ತೀನೇ ಚಿಕ್ಕದಾಗಬೇಕು. ಒಂದನ್ನ ಬಿಟ್ಟು ಒಂದನ್ನ ಕುಗ್ಗಿಸೋಕಾಗಲ್ಲ.”

ಶಾಸ್ತ್ರ ಎಂದರೆ ಹೀಗಿರಬೇಕು ಎಂದುಕೊಂಡೆ. ಆದರೆ ಆಮೇಲೆ ಅವರು ಎದ್ದು ಹಿತ್ತಿಲಿನಲ್ಲಿ ಬಿದ್ದಿದ್ದ ಕಲ್ಲುಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತ ಹೋದರು. ಒಂದು ಕಲ್ಲಿನ ಮೇಲೆ ಯಾರೋ ಆಗಲೇ ಗೆರೆ ಎಳೆದಿದ್ದರು: ಇಲ್ಲಿ ಪೀಠ, ಇಲ್ಲಿ ಕಿರೀಟ. ಅವರು ಅದರ ಎರಡು ತುದಿಯನ್ನೂ ತಟ್ಟಿ ಮಗನನ್ನು ಕೂಗಿದರು. “ಗೆರೆ ಅಳಿಸೋ. ಮೇಲುಗಡೆ ನಾದ ಸತ್ತಿದೆ. ಇದನ್ನ ತಿರುಗಿಸಿ ಹಾಕು, ತಲೆ ಈ ಕಡೆ ಬರಲಿ.” ಅಳತೆ ಒಂದು ಅಂಗುಲವೂ ಬದಲಾಗಲಿಲ್ಲ. ಕಲ್ಲು ಮಾತ್ರ ತಲೆಕೆಳಗಾಯಿತು.

ನನಗೆ ಅಲ್ಲಿ ಕಾಲ್ಚೆಂಡಿನ ನೆನಪು ಬಂತೆಂದರೆ ಓದುಗರು ನಕ್ಕಾರು. ಬಂದದ್ದು ನಿಜ.

1974ರ ಮಾತು. ನಾನು ಜಿಲ್ಲೆಯ ಒಂದು ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕ. ವ್ಯಾಯಾಮದ ಮೇಷ್ಟರಿಗೆ ವರ್ಗವಾಗಿ, ಹುಡುಗನಾಗಿದ್ದಾಗ ನಾಲ್ಕು ದಿನ ಚೆಂಡು ಒದ್ದಿದ್ದೆನೆಂಬ ಒಂದೇ ಅರ್ಹತೆಯ ಮೇಲೆ ಫುಟ್‌ಬಾಲ್ ತಂಡ ನನ್ನ ಕೊರಳಿಗೆ ಬಿತ್ತು. ಚರಿತ್ರೆಯವನಲ್ಲವೆ, ಮೊದಲು ಪುಸ್ತಕ ಹುಡುಕಿದೆ. ಅವೆನ್ಯೂ ರಸ್ತೆಯಲ್ಲಿ ಹಳೆಯದೊಂದು ಸಿಕ್ಕಿತು. 1958ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದ 4-2-4ರ ವ್ಯೂಹ ಅದರಲ್ಲಿ ಚಿತ್ರಸಹಿತವಾಗಿತ್ತು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಹನ್ನೊಂದು ಸೊನ್ನೆ ಹಾಕಿ, ಯಾರ ಸೊನ್ನೆ ಯಾರದೆಂದು ಹುಡುಗರಿಂದ ಬಾಯಿಪಾಠ ಮಾಡಿಸಿದೆ.

ಅವರಲ್ಲಿ ಒಬ್ಬ ಚಿನ್ನದ ಗಣಿಯ ಕಡೆಯವನು, ಚಾಂಪಿಯನ್ ರೀಫಿನವನು. ಆ ಕಡೆಯ ಹುಡುಗರಿಗೆ ಫುಟ್‌ಬಾಲನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸೈನೈಡ್ ದಿಬ್ಬಗಳ ಬುಡದಲ್ಲಿ ಸಂಜೆ ಕತ್ತಲಾಗುವವರೆಗೆ ಬರಿಗಾಲಲ್ಲಿ ಆಡಿಯೇ ಬೆಳೆದವರು. ಇವನು ಎಡಗಾಲಿನವನು, ಚೆಂಡು ಸಿಕ್ಕಿದರೆ ಊರೆಲ್ಲ ತಿರುಗಿಸುತ್ತಿದ್ದ. ನನ್ನ ಪುಸ್ತಕಕ್ಕೆ ಒಬ್ಬ ಲೆಫ್ಟ್ ಬ್ಯಾಕ್ ಬೇಕಾಗಿತ್ತು. ಎಡಗಾಲಿನವನು ಇವನೊಬ್ಬನೇ. ಸೊನ್ನೆಯೊಳಗೆ ಕೂರಿಸಿದೆ.

ಬೆಂಗಳೂರಿನಲ್ಲಿ ಅಂತರ ಕಾಲೇಜು ಪಂದ್ಯ. ಅರ್ಧ ಆಟ ಮುಗಿದಾಗ ನಾವು ಒಂದು ಗೋಲು ಹಿಂದೆ. ಹುಡುಗ ಕಿತ್ತಲೆ ಹಣ್ಣಿನ ತೊಳೆ ಚೀಪುತ್ತ ಹತ್ತಿರ ಬಂದ. “ಸಾರ್, ಅವರ ರೈಟ್ ಬ್ಯಾಕ್ ಕುಂಟ್ತಾ ಇದ್ದಾನೆ. ಒಂದು ಹತ್ತು ನಿಮಿಷ ನಾನು ಮುಂದೆ ಹೋಗ್ಲಾ?”

“ನಿನ್ನ ಜಾಗ ನೀನು ನೋಡಿಕೋ,” ಎಂದೆ.

ಇಪ್ಪತ್ತು ನಿಮಿಷ ನೋಡಿಕೊಂಡ. ಆಮೇಲೆ ತಡೆಯಲಾರದೆ ಹೋದ. ಹೋದವನು ಆ ಕುಂಟುಗಾಲಿನವನನ್ನು ದಾಟಿ ಗೋಲು ಹೊಡೆದೇಬಿಟ್ಟ! ಇನ್ನೊಂದು ಸಲ ಹೋದಾಗ, ಅವನು ಖಾಲಿ ಬಿಟ್ಟ ಜಾಗದಿಂದಲೇ ಎದುರಾಳಿಗಳು ನುಗ್ಗಿ ಗೆದ್ದರು. ನನ್ನ ಪುಸ್ತಕ ಅಕ್ಷರಶಃ ನಿಜವಾಗಿತ್ತು. ಎಲ್ಲರೆದುರಿಗೆ ಅದನ್ನು ಹೇಳಿಯೂ ಹೇಳಿದೆ, ಮುಂದಿನ ಪಂದ್ಯಕ್ಕೆ ಅವನನ್ನು ಬಿಟ್ಟೂಬಿಟ್ಟೆ. ಅವನು ವಾದಿಸಲಿಲ್ಲ. ಬೂಟುಗಳನ್ನು ಲೇಸು ಗಂಟು ಹಾಕಿ ನನ್ನ ಮೇಜಿನ ಮೇಲಿಟ್ಟು ಹೋದ. ಅವು ಕಾಲೇಜಿನ ಬೂಟುಗಳು. ವರ್ಷ ತುಂಬುವ ಮೊದಲೇ ಓದೂ ಬಿಟ್ಟು ಗಣಿಯ ಕೆಲಸಕ್ಕೆ ಸೇರಿದನೆಂದು ಕೇಳಿದೆ. 2001ರಲ್ಲಿ ಗಣಿ ಮುಚ್ಚಿದ ಸುದ್ದಿ ಓದಿದ ದಿನ ನನಗೆ ಮೊದಲು ಕಣ್ಣಿಗೆ ಕಟ್ಟಿದ್ದು ಆ ಬೂಟು.

ನನ್ನ ತಪ್ಪು ಯಾವುದೆಂದು ತಿಳಿಯುವುದಕ್ಕೆ ಬಹಳ ಕಾಲ ಹಿಡಿಯಿತು. ಅವನು ಮುಂದೆ ಹೋದದ್ದು ತಪ್ಪಲ್ಲ, ಜಾಗ ಖಾಲಿಯಾದದ್ದೂ ಸುಳ್ಳಲ್ಲ. ಅವನು ಹೋದಾಗ ನಡುವಿನ ಇಬ್ಬರಲ್ಲಿ ಒಬ್ಬ ಹಿಂದೆ ಸರಿಯಬೇಕೆಂದು ನಾನು ಯಾರಿಗೂ ಕಲಿಸಿರಲಿಲ್ಲ. ನನ್ನ ಹಲಗೆಯ ಮೇಲಿನ ಸೊನ್ನೆಗಳಿಗೆ ಕಾಲುಗಳಿರಲಿಲ್ಲ.

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಕಥೆ ನಾನು ಆಗಲೇ ಬಲ್ಲವನಾಗಿದ್ದೆ; ಬಲ್ಲವನಾಗಿಯೂ ಕಲಿಯಲಿಲ್ಲ, ನೋಡಿ. ಅವರೂ ಶಾಲೆಯ ಮೇಷ್ಟರೇ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಅವರ ಭಾರತ ತಂಡ ಯುಗೊಸ್ಲಾವಿಯದ ಕೈಯಲ್ಲಿ 10-1ರಿಂದ ಸೋತಿತು. ಇನ್ನೊಬ್ಬರಾಗಿದ್ದರೆ ಚಳಿಯನ್ನೋ ಬರಿಗಾಲನ್ನೋ ದೂರಿ ಸುಮ್ಮನಾಗುತ್ತಿದ್ದರು. ಇವರು ಆಟವನ್ನೇ ಬದಲಿಸಿದರು. ನಾಲ್ಕು ವರ್ಷಕ್ಕೆ ಮೆಲ್ಬರ್ನಿನಲ್ಲಿ ಅದೇ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಂತೂ ಹಿಂದಿನ ಸಾಲಿನ ಕಂಬವಾಗಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿತ್ತು. ರಹೀಮರು ಅವರನ್ನು ಕೂರಿಸಲಿಲ್ಲ, ಮುಂದಿನ ಸಾಲಿಗೆ ಕಳಿಸಿದರು. ಅವರ ಸ್ಥಾನವನ್ನು ಅರುಣ್ ಘೋಷರಿಗೆ ವಹಿಸಿದರು. ಮೊದಲ ಸುತ್ತಿನಲ್ಲಿ ತಮ್ಮನ್ನು ಸೋಲಿಸಿದ್ದ ದಕ್ಷಿಣ ಕೊರಿಯವನ್ನು ಫೈನಲಿನಲ್ಲಿ 2-1ರಿಂದ ಸೋಲಿಸಿದರು. ಒಂದು ಗೋಲು ಪಿ. ಕೆ. ಬ್ಯಾನರ್ಜಿಯವರದು, ಇನ್ನೊಂದು ಆ ಪಟ್ಟಿ ಕಟ್ಟಿದ ತಲೆಯವರದು. ಮುಂದಿನ ವರ್ಷ ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಭಾರತಕ್ಕೆ ಏಷ್ಯನ್ ಕ್ರೀಡೆಗಳ ಫುಟ್‌ಬಾಲ್ ಚಿನ್ನ ಮತ್ತೆ ಸಿಕ್ಕಿಲ್ಲ.

ಶಿವಾರಪಟ್ಟಣದಿಂದ ಮನೆಗೆ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ನನ್ನ ತಂಗಿಯ ಮಗನ ಫೋನು ಬಂತು. ಅವನು ಈಗ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕಲಿಸುತ್ತಾನೆ. ಕರಿಹಲಗೆಯ ಬದಲು ಟ್ಯಾಬ್ಲೆಟ್ ಇದೆ, ಸೊನ್ನೆಗಳಿಗೆ ಬಣ್ಣವೂ ಇದೆ. ಸಾಲಾಗಿ ಮೂರು ಪಂದ್ಯ ಸೋತಿದ್ದಾನಂತೆ. ಮೂರರಲ್ಲೂ ಒಂದೇ ವ್ಯೂಹ. ಹುಡುಗರು ಪ್ರಿನ್ಸಿಪಾಲರವರೆಗೆ ದೂರು ಒಯ್ದಿದ್ದಾರೆ.

“ಈಗ ಬದಲಾಯಿಸಿದರೆ ಹುಡುಗರಿಗೆ ಹೆದರಿದೆ ಅಂತಾರೆ ಮಾಮ. ಪ್ಲಾನ್ ಸರಿಯಾಗೇ ಇದೆ. ಇವರೇ ಅವರವರ ಜಾಗದಲ್ಲಿ ನಿಲ್ಲಲ್ಲ.”

ಆ ಮಾತನ್ನು ನಾನು ಮೊದಲೇ ಎಲ್ಲೋ ಕೇಳಿದ್ದೆ. ನನ್ನದೇ ದನಿಯಲ್ಲಿ.

“ಜಾಗ ಬಿಟ್ಟು ಹೆಚ್ಚು ಓಡೋನು ಯಾರು?” ಎಂದೆ.

“ಒಬ್ಬ ಇದಾನೆ. ಲೆಫ್ಟ್ ಬ್ಯಾಕ್. ನಾಡಿದ್ದು ಅವನನ್ನ ಕೂರಿಸ್ತೀನಿ.”

“ಕೂರಿಸೋ ಮೊದಲು ಒಂದು ಮಾತು ಕೇಳು, ಯಾಕೆ ಓಡ್ತೀಯ ಅಂತ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಏನು ಮಾಮ, ಇವತ್ತು ಎಲ್ಲಿಗೆ ಹೋಗಿದ್ರಿ?” ಎಂದ.

ಗಣಪತಿಗೆ ಮುಂಗಡ ಕೊಟ್ಟು ಬಂದೆ ಎಂದೆ.