ಯಲ್ಲಾಪುರದ ಕೊನೆಯ ಏರು

ಪುಣೆಯಿಂದ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಯಲ್ಲಾಪುರದವರೆಗೆ ಯಾವ ಕಾರಾದರೂ ಸಾಕು. ನಮ್ಮ ಕಷ್ಟವೆಲ್ಲ ಡಾಂಬರು ಮುಗಿದ ಮೇಲಿನ ಒಂದು ಕಿಲೋಮೀಟರ್ ಕೆಮ್ಮಣ್ಣಿನ ಏರಿನದು. ಹೋದ ಮಳೆಗಾಲ ಸೊಂಟ ಹಿಡಿದ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದ್ದೆವು. ಕಾರು ಸಂಕದ ಹತ್ತಿರವೇ ನಿಂತಿತ್ತು.

ಹಾಗಾಗಿ 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್ ನೋಡಲು ಹೋದೆವು. ಮಗಳಿಗೆ ಬೇಕಾದದ್ದು ಎಎಕ್ಸ್7ಎಲ್: ದೊಡ್ಡ ಸನ್‌ರೂಫ್, ಗಾಳಿಯಾಡುವ ಸೀಟು, 19 ಇಂಚಿನ ಚಕ್ರ. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಎಂಎಕ್ಸ್5 ಡೀಸೆಲ್‌ನಲ್ಲಿ ಫೋರ್ ಬೈ ಫೋರ್ ಸಿಗುತ್ತಿತ್ತು. ಎಎಕ್ಸ್7ಎಲ್‌ನಲ್ಲಿ ಅದು ಬೇಕೆಂದರೆ ಲಕ್ಷಗಳು ಮೇಲೆ. ಪೆಟ್ರೋಲಿನಲ್ಲಿ ಇಲ್ಲವೇ ಇಲ್ಲ.

ಊರಿಗೆ ಫೋನ್ ಮಾಡಿದೆ. 'ಅಂಗಳಕ್ಕೆ ಬಂದ್ರೆ ಸಾಕು ತಮಾ' ಎಂದಳು ಆಯಿ. ಎಂಎಕ್ಸ್5 ಬುಕ್ ಮಾಡಿದೆವು.

ಈ ಸಲ ಲೋ ಗೇರಿನಲ್ಲಿ ಕೆಸರು ತುಳಿಯುತ್ತ ಅಂಗಳಕ್ಕೇ ಬಂದೆವು. ಅಪ್ಪ ಗಾಡಿಯ ಎತ್ತರ ನೋಡಿದ. ಮಾತಾಡದೆ ಒಳಗಿಂದ ಮರದ ಸ್ಟೂಲು ತಂದು ಬಾಗಿಲಡಿ ಇಟ್ಟ. ಅದರ ಮೇಲೆ ಕಾಲಿಟ್ಟು ಹತ್ತಿದವನನ್ನು ಡಾಕ್ಟರಿಗೆ ತೋರಿಸಿ ಬಂದೆ.

ನಾಲ್ಕು ದಿನಕ್ಕೆ ಗಾಡಿ ನಮ್ಮ ಜೊತೆ ಪುಣೆಗೆ ಹೊರಟಿತು. ಅವರಿಬ್ಬರೂ ಆ ಏರಿನ ಮೇಲೇ ಉಳಿದರು. ಸ್ಟೂಲು ಜಗಲಿಯಲ್ಲಿದೆ.