ತೊಲೆಯ ತೂತುಗಳು

ಬಿ.ಇ.2ಸಿ ಮೊದಲ ಮಹಾಯುದ್ಧದ ಬ್ರಿಟಿಷ್ ವಿಮಾನ, ಒಂದರ ಮೇಲೊಂದು ರೆಕ್ಕೆಯದು. ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರಿಗೂ ಮಿಕ್ಕಿದ್ದ ಅದು, 72ರಲ್ಲಿ ಒಂದು ಪಾಲಿನ ರೆಸಿನ್ ಮಾದರಿಯಾಗಿ ಈಗ ನನ್ನ ಅಂಗೈ ಮೇಲೆ ಕೂತಿದೆ.

ರೆಸಿನ್ ಕೆಲಸ ತಾಳ್ಮೆ ಬೇಡುತ್ತದೆ. ಎರಕ ಹೊಯ್ದ ದಪ್ಪ ಬುಡ ಪ್ರತಿ ಬಿಡಿಭಾಗಕ್ಕೂ ಅಂಟಿಕೊಂಡೇ ಬರುತ್ತದೆ; ಸಣ್ಣ ಗರಗಸದಲ್ಲಿ ಕೊಯ್ಯಬೇಕು. ಧೂಳು ಎದೆಗೆ ಕೆಟ್ಟದ್ದು, ಹಾಗಾಗಿ ನೀರು ಹಾಕಿಕೊಂಡೇ ಉಜ್ಜುತ್ತೇನೆ. ಮೇಲಿನ ರೆಕ್ಕೆ ಹಪ್ಪಳದ ಹಾಗೆ ಸೊಟ್ಟಗಿತ್ತು. ಬಿಸಿನೀರಿಗೆ ಅದ್ದಿ, ಗಾಜಿನ ಮೇಲೆ ಒತ್ತಿ ಹಿಡಿದೆ, ತಣಿಯುವಷ್ಟರಲ್ಲಿ ನೆಟ್ಟಗಾಯಿತು.

ಈ ವಿಮಾನದಲ್ಲಿ ವೀಕ್ಷಕ ಮುಂದೆ, ಪೈಲಟ್ ಹಿಂದೆ. ವೀಕ್ಷಕನ ಸುತ್ತ ಬರೀ ಕಂಬ, ತಂತಿ; ಬಂದೂಕು ತಿರುಗಿಸಲು ಜಾಗವಿರಲಿಲ್ಲ ಎಂದು ಓದಿದ್ದೆ. ಅದು ಮನಸ್ಸಿಗೆ ಇಳಿದದ್ದು ಕೂದಲೆಳೆಯಂಥ ದಾರ ಕಟ್ಟಲು ಕೂತಾಗ. ನನ್ನ ಚಿಮುಟವೇ ಅಲ್ಲಿ ನುಗ್ಗುತ್ತಿರಲಿಲ್ಲ. ಮೇಲಾಗಿ ಅದು ತಾನಾಗಿಯೇ ಸಮತೋಲ ಕಾಯ್ದುಕೊಳ್ಳುವಂತೆ ಕಟ್ಟಿದ ವಿಮಾನ, ಚಕ್ಕನೆ ಹೊರಳುವ ಗುಣ ಅದಕ್ಕಿಲ್ಲ. ಹಗಲಲ್ಲಿ ಜರ್ಮನ್ ಫೊಕರ್ ಯುದ್ಧವಿಮಾನಗಳಿಗೆ ಸುಲಭವಾಗಿ ಬಲಿಯಾಯಿತು. ರಾತ್ರಿ ಮಾತ್ರ ಆ ಸ್ಥಿರತೆಯೇ ವರವಾಯಿತು: ಒಬ್ಬನೇ ಪೈಲಟ್ ಕತ್ತಲಲ್ಲಿ ಹಾರುತ್ತಾ ಬಂದೂಕಿನ ಡ್ರಮ್ ಬದಲಿಸಬಹುದಿತ್ತು.

ಹಾಗೆ ಹಾರಿದವನು ವಿಲಿಯಂ ಲೀಫ್ ರಾಬಿನ್ಸನ್. ಹುಟ್ಟಿದ್ದು 1895ರಲ್ಲಿ, ನಮ್ಮ ಕೊಡಗಿನಲ್ಲಿ. ಪಾಲಿಬೆಟ್ಟದ ಕಾಫಿ ತೋಟದವರ ಮಗ; ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿದ್ದ. ನಾನು ಈ ಕಿಟ್ ಕೊಂಡದ್ದೇ ಅದಕ್ಕಾಗಿ. 1916ರ ಸೆಪ್ಟೆಂಬರ್ 2ರ ರಾತ್ರಿ ಲಂಡನ್ ಕಾಯಲು 2693 ಸಂಖ್ಯೆಯ ಬಿ.ಇ.2ಸಿ ಏರಿ ಹೋದ. ನಡುರಾತ್ರಿ ಕಳೆದ ಮೇಲೆ ಜರ್ಮನ್ ವಾಯುನೌಕೆ ಎಸ್.ಎಲ್.11 ಕಣ್ಣಿಗೆ ಬಿತ್ತು. ಎರಡು ಡ್ರಮ್ ಗುಂಡು ಸುರಿದರೂ ಅದಕ್ಕೇನೂ ಆಗಲಿಲ್ಲ. ಮೂರನೆಯದನ್ನು ಹಿಂಭಾಗದ ಒಂದೇ ಜಾಗಕ್ಕೆ ಹೊಡೆದ. ಅದು ಹೊತ್ತಿಕೊಂಡು ಕಫ್ಲಿ ಹಳ್ಳಿಯ ಬಳಿ ಬಿತ್ತು. ಇಡೀ ಲಂಡನ್ ಸಂಭ್ರಮಿಸಿತು, ಅವನಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ನೌಕೆಯಲ್ಲಿದ್ದ 16 ಮಂದಿಯೂ ಸತ್ತರು; ಆ ಸಂಭ್ರಮದ ಬಗ್ಗೆ ಓದುವಾಗಲೆಲ್ಲ ನನಗೆ ಅವರ ನೆನಪೂ ಬರುತ್ತದೆ.

ಕೆಳಗಿಳಿದು ನೋಡಿದರೆ ಅವನದೇ ಗುಂಡುಗಳು ಮೇಲಿನ ರೆಕ್ಕೆಯ ನಡುಭಾಗವನ್ನು ಹರಿದಿದ್ದವು, ಹಿಂದಿನ ಮುಖ್ಯ ತೊಲೆಯನ್ನು ಹಲವು ಕಡೆ ತೂರಿದ್ದವು. ತನ್ನ ವರದಿಯಲ್ಲಿ ಅವನೇ ಇದನ್ನು ಬರೆದಿದ್ದಾನೆ. ಬಣ್ಣ ಒಣಗಿದ ಮೇಲೆ, ನನ್ನಲ್ಲಿದ್ದ ಅತಿ ಸಣ್ಣ ಬೈರಿಗೆಯಿಂದ ಆ ಜಾಗದಲ್ಲಿ ತೂತು ಕೊರೆದೆ. ಕಷ್ಟಪಟ್ಟು ನೆಟ್ಟಗೆ ಮಾಡಿದ ರೆಕ್ಕೆ ಅದು. ಕೈ ನಡುಗಿತು, ಆದರೂ ಕೊರೆದೆ.

1917ರ ಏಪ್ರಿಲ್‌ನಲ್ಲಿ ಅವನು ಜರ್ಮನರಿಗೆ ಸೆರೆಸಿಕ್ಕ. ಯುದ್ಧ ಮುಗಿದು ಇಂಗ್ಲೆಂಡಿಗೆ ಮರಳಿದವನು 1918ರ ಡಿಸೆಂಬರ್ 31ರಂದು ಇನ್‌ಫ್ಲುಯೆಂಜಾದಿಂದ ತೀರಿಕೊಂಡ. ಆಗ ಅವನಿಗೆ 23 ವರ್ಷ.