ಗಾಲಿ ತಿಕ್ಕುವ ಡ್ರಿಲ್ಲು



ನಿಮ್ಮ ಮನೆಯ ಕನ್ನಡದಲ್ಲಿ ‘ಕ್ಲೀನ್ ಮಾಡು’ ಎಂಬ ಮಾತು ದಿನಕ್ಕೆ ಎಷ್ಟು ಸಲ ಬರುತ್ತದೆ, ಒಮ್ಮೆ ಎಣಿಸಿ ನೋಡಿ. ನೆಲ ಕ್ಲೀನ್ ಮಾಡು, ಪಾತ್ರೆ ಕ್ಲೀನ್ ಮಾಡು, ಕನ್ನಡಕ ಕ್ಲೀನ್ ಮಾಡು, ಕಾರು ಕ್ಲೀನ್ ಮಾಡು. ಇದನ್ನು ನಮ್ಮ ಉಡುಪಿ ಕಡೆಯ ಅಜ್ಜಿಯರು ಕೇಳಿದ್ದರೆ, ‘ಎಂತ, ಕನ್ನಡಕಕ್ಕೂ ಕಾವಲಿಗೂ ಒಂದೇ ಮದ್ದಾ?’ ಎಂದು ನಗುತ್ತಿದ್ದರು. ಅವರಿಗೆ ಗುಡಿಸುವುದು ಬೇರೆ, ಸಾರಿಸುವುದು ಬೇರೆ. ಕಾವಲಿಯನ್ನು ಕೆರೆಯಬೇಕು, ತಾಮ್ರದ ತಂಬಿಗೆಯನ್ನು ಹುಣಿಸೆಹುಳಿ ಹಾಕಿ ತಿಕ್ಕಬೇಕು, ಹಿತ್ತಾಳೆ ಹರಿವಾಣವನ್ನು ಬೆಳಗಬೇಕು, ಕನ್ನಡಿಯನ್ನು ಒರೆಸಬೇಕು. ಯಾವುದನ್ನು ಯಾವುದರ ಮೇಲೆ ಮಾಡಬಾರದು ಎಂಬುದೂ ಆ ಶಬ್ದದೊಳಗೇ ಇತ್ತು. ಹರಿವಾಣವನ್ನು ಕೆರೆದ ಸೊಸೆಗೆ ಆ ಮನೆಯಲ್ಲಿ ಒಂದು ತಿಂಗಳಾದರೂ ಮರ್ಯಾದೆ ಇರುತ್ತಿರಲಿಲ್ಲ.

ವ್ಯಾಕರಣದ ಪಾಠ ಮಾಡುತ್ತೇನೆಂದು ಹೆದರಬೇಡಿ. ನಾನು ಬರೆಯಹೊರಟಿರುವುದು ಕಾರಿನ ಗಾಲಿಗಳ ಬಗ್ಗೆ. ಗೋಡೆ ಕೊರೆಯುವ ಡ್ರಿಲ್ಲಿನ ಮೂತಿಗೆ ಬಿಟ್ಟಿನ ಬದಲು ನೈಲಾನ್ ಬ್ರಶ್ ಸಿಕ್ಕಿಸಿ ಗಾಲಿ ತಿಕ್ಕುವ ಪದ್ಧತಿ ಈಚೆಗೆ ನಮ್ಮ ಸೊಸೈಟಿಗಳ ಪಾರ್ಕಿಂಗಿನಲ್ಲಿ ಕಾಣಸಿಗುತ್ತಿದೆ. ಭಾನುವಾರ ಬೆಳಿಗ್ಗೆ ಹಾಲು ತರಲು ಹೋದರೆ ಎಲ್ಲಿಂದಲೋ ‘ಗುರ್ರ್’ ಎಂಬ ಸದ್ದು. ನಾನು ಠಾಣೆಯ ಕಡೆಯ ಒಂದು ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ 34 ವರ್ಷ ದುಡಿದವನು. ಆ ಸದ್ದು ಕಿವಿಗೆ ಬಿದ್ದರೆ ಕಾಲು ತಾನಾಗಿ ಅತ್ತ ತಿರುಗುತ್ತದೆ.

ನನಗೆ ಈ ಬ್ರಶ್ ತಂದುಕೊಟ್ಟವಳು ಅಕ್ಕನ ಮಗಳು. ಪುಣೆಯಲ್ಲಿ ಕೆಲಸ. ನನ್ನ ಬೆರಳ ಗಂಟುಗಳು ಊದಿಕೊಂಡು, ಬಟ್ಟೆ ಹಿಂಡುವುದೂ ಕಷ್ಟವಾಗಿತ್ತು. ‘ಮಾವ, ನೀವು ಬರೇ ಹಿಡ್ಕೊಳ್ಳಿ ಸಾಕು, ತಿರುಗೋದು ಅದೇ ತಿರುಗ್ತದೆ’ ಎಂದಳು. ಮಾತು ನಿಜ. ಎರಡು ವರ್ಷದಿಂದ ಮುಟ್ಟದೆ ಬಿಟ್ಟಿದ್ದ ನನ್ನ ಹಳೆಯ ಕಾರಿನ ನಾಲ್ಕು ಗಾಲಿಗಳನ್ನು ಆ ದಿನ ನಾನೇ ತೊಳೆದೆ. ವಯಸ್ಸಾದವರಿಗೆ ಇದು ಎಂಥ ಸುಖ ಎಂಬುದು ನಿಮಗೆ ಈಗ ತಿಳಿಯದು. ಆದುದರಿಂದ ಯಂತ್ರವನ್ನು ಹಳಿಯುವ ಮುದುಕ ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಗಾಲಿ ಕಪ್ಪಾಗುವುದು ಏಕೆ? ರಸ್ತೆಯ ಧೂಳಿನಿಂದ ಎಂದು ನೀವು ಅಂದುಕೊಂಡಿರಬಹುದು. ಹಾಗಿದ್ದರೆ ನಾಲ್ಕೂ ಗಾಲಿ ಒಂದೇ ತರಹ ಕಪ್ಪಾಗಬೇಕಿತ್ತು. ಮುಂದಿನ ಎರಡು ಗಾಲಿ ಹೆಚ್ಚು ಕಪ್ಪಾಗಿರುವುದನ್ನು ನೋಡಿ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕುಗಳದ್ದು. ಅಲ್ಲಿ ಬೀಡುಕಬ್ಬಿಣದ ಡಿಸ್ಕನ್ನು ಪ್ಯಾಡುಗಳು ಅಮುಕಿದಾಗ ಎರಡೂ ಚೂರುಚೂರೇ ಸವೆಯುತ್ತವೆ. ಆ ಬಿಸಿ ಕಬ್ಬಿಣದ ಪುಡಿಯೇ ಗಾಲಿಗೆ ಅಂಟುವುದು. ಹಿಂದಿನ ಗಾಲಿಗಳಿಗೆ ಎಷ್ಟೋ ಸಣ್ಣ ಕಾರುಗಳಲ್ಲಿ ಡ್ರಮ್ ಬ್ರೇಕ್ ಇರುವುದರಿಂದ ಅಲ್ಲಿನ ಪುಡಿ ಡಬ್ಬಿಯೊಳಗೇ ಉಳಿಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಊರಿಗೆ ಹೋಗಿ ಬಂದ ಕಾರಿನ ಮುಂದಿನ ಗಾಲಿಗೆ ಬೆರಳು ಒತ್ತಿ ನೋಡಿ, ಇಂಕ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿದಂತಾಗುತ್ತದೆ.

ಆ ಪುಡಿ ಕುಳಿತಿರುವುದು ಲೋಹದ ಮೇಲಲ್ಲ, ಇದನ್ನು ಮುಖ್ಯವಾಗಿ ಗಮನಿಸಿ. ಅಲಾಯ್ ಗಾಲಿ ಎಂದರೆ ಅಲ್ಯೂಮಿನಿಯಂಗೆ ಸಾಮಾನ್ಯವಾಗಿ ಶೇಕಡಾ 7ರಷ್ಟು ಸಿಲಿಕಾನ್ ಬೆರೆಸಿ ಎರಕ ಹೊಯ್ದದ್ದು. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಕೂದಲೆಳೆಯಷ್ಟೇ ದಪ್ಪದ ಪಾರದರ್ಶಕ ಲೇಪ. ನೀವು ತಿಕ್ಕುವುದು ಆ ಲೇಪವನ್ನು. ಹೊಳೆಯುವ ಗೆರೆಗಳಿರುವ ‘ಡೈಮಂಡ್ ಕಟ್’ ಗಾಲಿಗಳಲ್ಲಂತೂ ಲೇತಿನಲ್ಲಿ ಕಡೆದ ಬರಿಯ ಲೋಹಕ್ಕೆ ಅದೊಂದೇ ಹೊದಿಕೆ. ಅದು ಒಂದು ಕಡೆ ಹರಿದರೆ ಸಾಕು, ನಮ್ಮ ಮುಂಬಯಿಯ ಉಪ್ಪುಗಾಳಿ ಒಳಹೊಕ್ಕು ಲೇಪದ ಕೆಳಗೆ ಬಿಳಿಯ ಹುಳು ಹರಿದಂತೆ ಗೆರೆ ಬಿಡಿಸುತ್ತದೆ. ಆಮೇಲೆ ಯಾವ ಬ್ರಶ್ಶೂ ಅದನ್ನು ತೆಗೆಯಲಾರದು.

ಈಗ ಡ್ರಿಲ್ಲಿನ ಕಡೆ ಬನ್ನಿ. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿಯವರು ಮಾಡಿದರು. ಪಿಸ್ತೂಲಿನಂಥ ಹಿಡಿ, ಬೆರಳಿನಿಂದ ಒತ್ತುವ ಕುದುರೆ ಬಂದದ್ದು ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ ಎಂಬ ಇಬ್ಬರಿಂದ; ಅದಕ್ಕೆ ಅವರಿಗೆ ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ಬಂದೂಕಿನ ಆ ಭಾಗಕ್ಕೆ ಕನ್ನಡದಲ್ಲಿ ‘ಕುದುರೆ’ ಎಂದು ಹೆಸರಿಟ್ಟವರು ಯಾರೋ, ಡ್ರಿಲ್ಲಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಲಗಾಮು ಬಿಟ್ಟರೆ ಓಡುತ್ತದೆ.

ಎಷ್ಟು ಓಡುತ್ತದೆ? ಲೆಕ್ಕ ಹಾಕೋಣ. ವೈರಿನ ಡ್ರಿಲ್ಲು ಪೂರ್ತಿ ಒತ್ತಿದರೆ ನಿಮಿಷಕ್ಕೆ 3000 ಸುತ್ತಿನ ಹತ್ತಿರ ಹೋಗಬಲ್ಲದು, ಅಂದರೆ ಸೆಕೆಂಡಿಗೆ 50 ಸುತ್ತು. ನಾಲ್ಕು ಇಂಚು ಅಗಲದ ಬ್ರಶ್ಶಿನ ಅಂಚು ಒಂದು ಸುತ್ತಿಗೆ ಸುಮಾರು 32 ಸೆಂಟಿಮೀಟರ್ ಸಾಗುತ್ತದೆ. ಗುಣಿಸಿ ನೋಡಿದರೆ ಗಂಟೆಗೆ ಸುಮಾರು 57 ಕಿಲೋಮೀಟರ್! ಘೋಡ್‌ಬಂದರ್ ರಸ್ತೆಯಲ್ಲಿ ಸಂಜೆ ನಿಮ್ಮ ಕಾರು ಇಷ್ಟು ವೇಗವಾಗಿ ಹೋಗುವುದಿಲ್ಲ. ಬ್ಯಾಟರಿ ಡ್ರಿಲ್ಲಿನ ತಲೆಯ ಮೇಲೆ 1, 2 ಎಂಬ ಗುಂಡಿ ಇರುತ್ತದಲ್ಲ, ಅದನ್ನು 1ಕ್ಕೆ ಇಟ್ಟರೆ ಹೆಚ್ಚೆಂದರೆ 400 ಸುತ್ತಿನ ಆಸುಪಾಸು. ಆಗ ಅದೇ ಅಂಚು ಗಂಟೆಗೆ ಏಳೂವರೆ ಕಿಲೋಮೀಟರ್, ರೈಲು ಹಿಡಿಯಲು ಹೊರಟವನ ನಡಿಗೆ. ಗಾಲಿಗೆ ಅಷ್ಟು ಸಾಕು. ಹೆಚ್ಚು ವೇಗದಲ್ಲಿ ಕೊಳೆ ಬೇಗ ಹೋಗುವುದಿಲ್ಲ. ಸೋಪಿನ ನೊರೆ ನಿಮ್ಮ ಮುಖಕ್ಕೆ ಹಾರುತ್ತದೆ, ಘರ್ಷಣೆಯ ಬಿಸಿಗೆ ಎಳೆಗಳು ಮೆತ್ತಗಾಗಿ ಬಾಗುತ್ತವೆ. ಹ್ಯಾಮರ್ ಗುರುತಿನಲ್ಲಿ ಇಟ್ಟು ತಿಕ್ಕಿದವರನ್ನೂ ನೋಡಿದ್ದೇನೆ. ಅದು ತಿಕ್ಕುವುದಲ್ಲ, ಕುಟ್ಟುವುದು.

ಬ್ರಶ್ಶುಗಳು ಬಣ್ಣಬಣ್ಣದಲ್ಲಿ ಬರುತ್ತವೆ. ಸಾಮಾನ್ಯವಾಗಿ ಬಿಳಿಯದು ಮೃದು, ಹಳದಿ ಮಧ್ಯಮ, ಕೆಂಪು ಬಿರುಸು. ಆದರೆ ಎಲ್ಲ ತಯಾರಕರೂ ಈ ನಿಯಮ ಪಾಲಿಸುವುದಿಲ್ಲವಾದ್ದರಿಂದ ಬಣ್ಣ ನಂಬದೆ ಅಂಗೈಗೆ ಉಜ್ಜಿ ನೋಡಿ ಕೊಳ್ಳಿ. ಅಂಗೈ ಕೆಂಪಾದರೆ ಅದು ಬಚ್ಚಲಿಗೆ, ಗಾಲಿಗೆ ಬೇಡ. ತಂತಿಯ ಬ್ರಶ್ಶನ್ನು ಅಲಾಯ್ ಹತ್ತಿರ ಸುಳಿಯಗೊಡಬೇಡಿ. ಗೆರೆ ಬೀಳುವುದು ಬಹಳ ಸಲ ನೈಲಾನಿನಿಂದಲೂ ಅಲ್ಲ, ಅದರೊಳಗೆ ಸಿಕ್ಕಿಕೊಂಡ ಮರಳಿನಿಂದ. ಮೊದಲು ಗಾಲಿಗೆ ಧಾರಾಳ ನೀರು ಹೊಯ್ದು ಸಡಿಲ ಮಣ್ಣು ಇಳಿಸಬೇಕು. ಪ್ರತಿ ಗಾಲಿಯ ನಂತರ ಬ್ರಶ್ಶನ್ನು ಬೇರೆ ಬಕೀಟಿನಲ್ಲಿ ಜಾಲಾಡಬೇಕು. ಒಣ ಗಾಲಿಗೆ ಡ್ರಿಲ್ ಹಿಡಿಯಲೇಬಾರದು. ಬ್ರೇಕಿನ ಪುಡಿ ಗಾಳಿಗೆ ಎದ್ದು ನೇರ ಮೂಗಿಗೆ ಬರುತ್ತದೆ. ಹಳೆಯ ಬ್ರೇಕ್ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದಿಲ್ಲದ ಪುಡಿಯೂ ಶ್ವಾಸಕೋಶಕ್ಕೆ ಪ್ರಸಾದವಲ್ಲ.

ಈಗ ಸ್ವಲ್ಪ ಗಂಭೀರವಾಗಿ ಕೇಳಿ. ನಾನು ಲೇಖನಿ ಹಿಡಿದದ್ದೇ ಇದಕ್ಕಾಗಿ.

ಎರಡು ವರ್ಷದ ಹಿಂದೆ ನವರಾತ್ರಿಯಲ್ಲಿ, ಆಯುಧಪೂಜೆಗೆ ಮುನ್ನಾದಿನ, ನಮ್ಮ ಕಟ್ಟಡದ ಹುಡುಗನೊಬ್ಬ ಕಾರು ತೊಳೆಯುತ್ತಿದ್ದ. ನಮ್ಮವರೇ. ಕೈಯಲ್ಲಿ ವೈರಿನ ಡ್ರಿಲ್ಲು, ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡು, ಬೋರ್ಡು ಒಂದು ಇಟ್ಟಿಗೆಯ ಮೇಲೆ. ಸುತ್ತ ನೀರು, ಹುಡುಗನ ಕಾಲು ಬರಿಗಾಲು. ನಾನು ಅವನನ್ನು ಕೂಗಲಿಲ್ಲ. ನೇರ ಹೋಗಿ ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ‘ಏನ್ ಅಂಕಲ್, ಎರಡೇ ಗಾಲಿ ಬಾಕಿ ಇತ್ತು’ ಎಂದ, ಸಿಟ್ಟಿನಿಂದ. ಡ್ರಿಲ್ಲನ್ನು ಇಸಿದುಕೊಂಡು ಬಗ್ಗಿಸಿದೆ. ಮೋಟಾರಿಗೆ ಗಾಳಿ ಹೋಗುವ ಸಂದುಗಳಿಂದ ಸೋಪಿನ ನೀರು ತೊಟ್ಟಿಕ್ಕಿತು. ಹುಡುಗ ಅದನ್ನು ನೋಡಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

1986ರ ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ ನಿಂತು ಹ್ಯಾಂಡ್ ಗ್ರೈಂಡರ್ ಹಿಡಿದ ಹೆಲ್ಪರ್ ಒಬ್ಬ ನನ್ನಿಂದ ಹತ್ತು ಅಡಿ ದೂರದಲ್ಲಿ ಕುಸಿದದ್ದನ್ನು ನಾನು ಕಂಡಿದ್ದೇನೆ. ಕೂಗಲೂ ಇಲ್ಲ. 230 ವೋಲ್ಟಿನ ಶಾಕ್ ಹೊಡೆದರೆ ಕೈ ಬಿಡುತ್ತದೆ ಎಂದು ಜನ ಭಾವಿಸುತ್ತಾರೆ. ಎಷ್ಟೋ ಸಲ ಸ್ನಾಯು ಬಿಗಿದು ಹಿಡಿತ ಇನ್ನೂ ಗಟ್ಟಿಯಾಗುತ್ತದೆ. ಅವನಿಗೆ ಆಗ ನಿಮ್ಮದೇ ವಯಸ್ಸು. ಊರಿಗೆ ಮನಿಯಾರ್ಡರ್ ಕಳಿಸುತ್ತಿದ್ದ ಹುಡುಗ. ಆ ಕುಟುಂಬಕ್ಕೆ ಪತ್ರ ಬರೆಯುವ ಕೆಲಸ, ಕನ್ನಡ ಬರುವವನೆಂದು, ನನ್ನ ಪಾಲಿಗೆ ಬಂತು.

ಆದುದರಿಂದ ನೀರಿನ ಕೆಲಸಕ್ಕೆ ವೈರಿನ ಡ್ರಿಲ್ಲು ಬೇಡವೇ ಬೇಡ. ಬ್ಯಾಟರಿಯದ್ದು 12 ಅಥವಾ 18 ವೋಲ್ಟು, ಅದನ್ನು ಬಳಸಿ. ಅದನ್ನೂ ಬಕೀಟಿನಲ್ಲಿ ಅದ್ದಬೇಡಿ, ಒದ್ದೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ‘ಡಬಲ್ ಇನ್ಸುಲೇಶನ್ ಇದೆ ಅಂಕಲ್’ ಎಂದು ಆ ಹುಡುಗ ಆಮೇಲೆ ವಾದಿಸಿದ. ಡ್ರಿಲ್ಲಿನ ಮೈಮೇಲೆ ಚೌಕದೊಳಗೊಂದು ಚೌಕದ ಗುರುತು ಇತ್ತು, ನಿಜ. ಆ ರಕ್ಷಣೆ ಒಣಗಿದ ಡ್ರಿಲ್ಲಿಗೆ, ಒಳಗೆ ಸೋಪುನೀರು ತುಂಬಿದ್ದಕ್ಕಲ್ಲ. 30 ಮಿಲಿಆಂಪಿಯರ್ ಸೋರಿದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಜೀವ ಉಳಿಸಬಲ್ಲದು. ನಮ್ಮ ಹಳೆಯ ಕಟ್ಟಡಗಳ ಪಾರ್ಕಿಂಗಿನ ಲೈನಿನಲ್ಲಿ ಅದು ಇದೆಯೇ ಎಂದು ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ನೀವೇ ಕೇಳಿ. ಪೇಂಟಿನ ಬಣ್ಣದ ಬಗ್ಗೆ ಎರಡು ಗಂಟೆ ಜಗಳವಾಡುವ ಸಭೆ ಇದಕ್ಕೆ ಹತ್ತು ನಿಮಿಷ ಕೊಡಲಿ.

ಉಳಿದ ಎಚ್ಚರಿಕೆಗಳು ಬೇಗ ಮುಗಿಯುತ್ತವೆ. ಉದ್ದ ಕೂದಲು, ದುಪಟ್ಟಾ, ಕೈಬಳೆ, ಕೊರಳ ಸರ ಯಾವುದೂ ಬ್ರಶ್ಶಿನ ಹತ್ತಿರ ಜೋತಾಡಬಾರದು. ಉಣ್ಣೆಯ ಅಥವಾ ನೂಲಿನ ಕೈಗವಸು ಸುತ್ತಿಕೊಳ್ಳುತ್ತದೆ, ಬೆರಳಿಗೆ ಅಂಟಿ ಕೂರುವ ತೆಳು ರಬ್ಬರಿನದು ವಾಸಿ. ಕನ್ನಡಕ ಇಲ್ಲದವರು ಒಂದು ಸಾದಾ ಕನ್ನಡಕ ಹಾಕಿಕೊಳ್ಳಿ. ಗಾಲಿಯ ಒಳಮೈಯಲ್ಲಿ ಅಂಟಿಸಿದ ಸಣ್ಣ ಚೌಕದ ತೂಕಗಳಿರುತ್ತವೆ, ಬ್ಯಾಲೆನ್ಸಿಂಗ್ ಮಾಡುವಾಗ ಹಾಕಿದವು. ಬ್ರಶ್ ಅದನ್ನು ಎಬ್ಬಿಸಿತೋ, ಎಕ್ಸ್‌ಪ್ರೆಸ್ ವೇ ಮೇಲೆ ಸ್ಟೀರಿಂಗ್ ನಡುಗತೊಡಗುತ್ತದೆ. ಒಳಗೆ ಕೈಯಿಂದಲೇ ತೊಳೆಯಿರಿ.

ಆಸಿಡ್ಡಿನ ಮೋಹವೂ ಬೇಡ. ಸಂಡಾಸಿಗೆ ಹಾಕುವ ಹೈಡ್ರೋಕ್ಲೋರಿಕ್ ಆಸಿಡ್ ಅಲ್ಯೂಮಿನಿಯಂ ತಿನ್ನುತ್ತದೆ. ಗಾಲಿಗೆಂದೇ ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಜಾತಿಯದ್ದು ಇರುತ್ತದೆ. ಚರ್ಮಕ್ಕೆ ತಾಗಿದಾಗ ಮೊದಲು ಉರಿಯದೆಯೂ ಇರಬಹುದು, ಆದರೆ ಒಳಗೆ ಎಲುಬಿನವರೆಗೂ ಇಳಿಯಬಲ್ಲದು. ಅಂಥದ್ದನ್ನು ತಿರುಗುವ ಬ್ರಶ್ಶಿಗೆ ಕೊಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತರೆ ಅದು ಸಿಡಿಯುವುದು ಎಲ್ಲಿಗೆ? ಕಾರು ಶಾಂಪೂ ಸಾಕು. ಹಟದ ಕಬ್ಬಿಣಪುಡಿಗೆ ಥಯೋಗ್ಲೈಕೊಲೇಟ್ ಇರುವ ದ್ರವ ಸಿಗುತ್ತದೆ, ಕಬ್ಬಿಣ ಸಿಕ್ಕಿದ ಕಡೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ನೋಡಲು ಚಂದ, ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಪಾರ್ಲರುಗಳಲ್ಲಿ ಕೂದಲು ಗುಂಗುರು ಮಾಡುವ ಲೋಶನ್ನಿನಲ್ಲೂ ಇದೇ ಪದಾರ್ಥ ಇರುವುದರಿಂದ ನಿಮ್ಮಲ್ಲಿ ಕೆಲವರಿಗೆ ಪರಿಚಯವಿದ್ದೀತು. ಗಾಲಿ ಪೂರ್ತಿ ತಣ್ಣಗಾದ ಮೇಲೆ ಹಾಕಿ, ಒಣಗುವ ಮುನ್ನ ತೊಳೆದುಬಿಡಿ.

ನಿಮ್ಮ ಸೊಸೈಟಿಯಲ್ಲಿ ಬೆಳಗಿನ ಐದಕ್ಕೇ ಬಂದು ಒಂದು ಬಕೀಟು ನೀರಿನಲ್ಲಿ ಸಾಲುಸಾಲು ಕಾರು ಒರೆಸುವ ಭಯ್ಯಾ ಇರುತ್ತಾನಲ್ಲ, ಗಾಲಿ ನೀವೇ ತೊಳೆಯುತ್ತೀರೆಂದು ಅವನ ತಿಂಗಳ ಹಣ ಕಡಿಮೆ ಮಾಡಬೇಡಿ. ಅವನ ಕೈಗಳನ್ನು ಒಮ್ಮೆ ನೋಡಿ, ಸಾಕು.

ಅಕ್ಕನ ಮಗಳು ಕಳೆದ ಸಲ ಬಂದಾಗ ಅವಳ ಕಾರಿನ ಗಾಲಿಗಳನ್ನು ಇಬ್ಬರೂ ಸೇರಿ ತೊಳೆದೆವು. ಡ್ರಿಲ್ ಅವಳ ಕೈಯಲ್ಲಿ, ಮಾತು ನನ್ನದು. ಕಡ್ಡಿಗಳ ಸಂದಿಗೆ ಬಂದಾಗ ‘ತಿಕ್ಕು’ ಎಂದೆ. ಅವಳು 1ರಲ್ಲಿ ಇಟ್ಟು, ಬ್ರಶ್ಶಿನ ಭಾರವಷ್ಟೇ ಬೀಳುವಂತೆ ಹಿಡಿದಳು. ಹೊಳೆಯುವ ಮುಖಕ್ಕೆ ಬಂದಾಗ ‘ಇಲ್ಲಿ ಒರೆಸು ಮಾರಾಯ್ತಿ, ತಿಕ್ಕಬೇಡ’ ಎಂದೆ. ಅವಳು ಡ್ರಿಲ್ ಕೆಳಗಿಟ್ಟು ಒದ್ದೆ ಬಟ್ಟೆ ತೆಗೆದುಕೊಂಡಳು. ‘ಎರಡೂ ಕ್ಲೀನ್ ಮಾಡೋದೇ ಅಲ್ವಾ ಮಾವ?’ ಎಂದು ಕೇಳಿದವಳು, ಮೂರನೆಯ ಗಾಲಿಯ ಹೊತ್ತಿಗೆ ತಾನೇ ‘ಇದನ್ನು ಕೆರೀಬೇಕಾ, ತಿಕ್ಕಬೇಕಾ?’ ಎಂದು ಟಾರಿನ ಕಲೆ ತೋರಿಸಿದಳು. ಎರಡೂ ಅಲ್ಲ, ಒಂದು ಹನಿ ಸೀಮೆಎಣ್ಣೆಯಲ್ಲಿ ನೆನೆಸಿ ಒರೆಸಿ, ಕೂಡಲೇ ಸೋಪಿನಲ್ಲಿ ತೊಳೆಯಬೇಕು ಎಂದೆ. ತಿರುಗುವ ಬ್ರಶ್ಶಿಗೆ ಒಂದೇ ಕೆಲಸ ಗೊತ್ತು. ಉಳಿದದ್ದನ್ನು ನಾವೇ ಬಲ್ಲವರಾಗಿರಬೇಕಷ್ಟೆ.

ತೊಳೆದು ಮುಗಿದ ಮೇಲೆ ಕಾರನ್ನು ಹಾಗೇ ನಿಲ್ಲಿಸಬೇಡಿ. ಬ್ರೇಕ್ ಡಿಸ್ಕು ಒದ್ದೆಯಾಗಿರುತ್ತದೆ, ರಾತ್ರಿ ಕಳೆದರೆ ಅದರ ಮೇಲೆ ತೆಳುವಾಗಿ ತುಕ್ಕು ಏಳುತ್ತದೆ. ಅಪಾಯವೇನಿಲ್ಲ, ಆದರೂ ಕಾಂಪೌಂಡಿನೊಳಗೆ ಮೆಲ್ಲಗೆ ಒಂದು ಸುತ್ತು ಹಾಕಿ, ನಾಲ್ಕೈದು ಸಲ ಬ್ರೇಕ್ ಒತ್ತಿ ಒಣಗಿಸಿಡಿ. ಆಯುಧಪೂಜೆಯ ದಿನ ಡ್ರಿಲ್ಲಿಗೂ ಕುಂಕುಮ ಇಡಿ, ಚಕ್ ಒಳಗೆ ಬೀಳದಂತೆ. ಗಾಲಿಗೆ ಇಟ್ಟ ಅರಿಶಿನ ಕುಂಕುಮವನ್ನು ಮಾರನೆಯ ದಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಅದಕ್ಕೆ ಡ್ರಿಲ್ಲು ಬೇಡ.